ಪ್ರತಿಕ್ರಿಯೆ: ಆನ್‌ಲೈನ್ ಪಾಠದ ಕೆಲಸಕ್ಕೆ ಮೊದಲೇ ದುಡ್ಡು ಕಟ್ಟಬೇಕಾ?

ಮೇಡಂ, ಬಿ.ಎಡ್. ಆಗಿದೆ, ಮಗು ಚಿಕ್ಕದು, ಮನೆಯಿಂದಲೇ ಗಣಿತ ಹೇಳಿಕೊಡಬೇಕು, ಆದರೆ ಕೆಲಸ ಕೊಡಿಸುವವರು ಮೂರು ಸಾವಿರ ನೋಂದಣಿ ಶುಲ್ಕ ಕೇಳುತ್ತಿದ್ದಾರೆ, ಕಟ್ಟಲಾ ಅಂತ ಕೇಳಿದ್ದೀರಿ. ದಯವಿಟ್ಟು ಕಟ್ಟಬೇಡಿ. ಓಟಿಪಿ ಕೇಳಿದರೂ ಕೊಡಬೇಡಿ.

ಶಿಕ್ಷಕರನ್ನೂ ವಿದ್ಯಾರ್ಥಿಗಳನ್ನೂ ಜೋಡಿಸುವ ಪ್ರೆಪ್ಲಿಯಂಥ ತಾಣದಲ್ಲಿ ಸೇರೋಕೆ ದುಡ್ಡು ಬೇಡ. ಆದರೆ ಪ್ರತಿ ಹೊಸ ವಿದ್ಯಾರ್ಥಿಯ ಮೊದಲ ಪ್ರಯೋಗ ಪಾಠದ ಹಣ ಪೂರ್ತಿ ತಾಣದವರಿಗೇ ಹೋಗುತ್ತದೆ, ಆಮೇಲೂ ಶೇ. 33 ಕಮಿಷನ್, ಪಾಠದ ಗಂಟೆಗಳು ಜಾಸ್ತಿಯಾದಂತೆ ಅದು 18ರವರೆಗೆ ಇಳಿಯುತ್ತದೆ. ಹಾಗಾಗಿ ನಾನಾದರೆ ಮೊದಲು ಗೊತ್ತಿರುವವರ ವಾಟ್ಸಾಪ್ ಗುಂಪುಗಳಲ್ಲೇ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಗಣಿತವನ್ನು ಕನ್ನಡದಲ್ಲಿ ನಿಧಾನವಾಗಿ ಬಿಡಿಸಿ ಹೇಳುವವರು ಆನ್‌ಲೈನಿನಲ್ಲಿ ನಿಜಕ್ಕೂ ಬೇಕು.

ಇನ್ನೊಂದು ದಾರಿ, ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುವುದು. ಅವರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಶನಿವಾರ ಸಂಜೆ 6 ಗಂಟೆ ಅಂದರೆ ನಮಗೆ ಭಾನುವಾರ ಬೆಳಿಗ್ಗೆ 6.30, ಚಳಿಗಾಲದಲ್ಲಿ 7.30. ಮಗು ಏಳುವ ಮೊದಲೇ ಒಂದು ಪಾಠ ಮುಗಿಯುತ್ತದೆ ಅಲ್ವಾ?

ಸಾಮಾನಿಗೆ ಸುಮ್ನೆ ಖರ್ಚು ಮಾಡಬೇಡಿ. ಎರಡು ಸ್ಟೀಲ್ ಡಬ್ಬಿಗಳ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು, ಕ್ಯಾಮೆರಾ ನೋಟ್‌ಬುಕ್ ಕಡೆ ಕೆಳಗೆ ನೋಡುವ ಹಾಗೆ ಫೋನ್ ಕೂರಿಸಿ. ನಿಮ್ಮ ಮುಖಕ್ಕಿಂತ ಪೆನ್ನಿನ ತುದಿ ಕಾಣಬೇಕು, ದಶಕ ಎಲ್ಲಿ ತಗೊಂಡಿರಿ ಅಂತ ವಿದ್ಯಾರ್ಥಿ ನೋಡಬೇಕು. ಉಚಿತ ಝೂಮ್ 40 ನಿಮಿಷಕ್ಕೆ ನಿಲ್ಲುತ್ತದೆ, ಒಂದು ಪಾಠಕ್ಕೆ ಅಷ್ಟು ಸಾಕು. ಡೆಮೋ ಒಂದೇ ಉಚಿತ ಕೊಡಿ, ಫೀಸು ತಿಂಗಳ ಮೊದಲೇ ತಗೊಳ್ಳಿ. ಯಾವ ತರಗತಿಗೆ ಹೇಳಿಕೊಡ್ತೀರಿ ಅಂತ ಬರೆಯಿರಿ, ಜಾಹೀರಾತಿನ ಸಾಲು ನಾನು ಬರೆದುಕೊಡುತ್ತೇನೆ.