ಕೆಂಪು ನೂಲು ಕೊನೀ ತುದಿಗೇ ಯಾಕ?

ಪ್ರಶ್ನೆ: ಸರ್, ನಾನು ಜಮಖಂಡಿಯಾಕಿ, ಬಿಎಸ್ಸಿ ಎರಡನೇ ವರ್ಷ. ಪ್ರೋಟೀನ್, ಅಂದ್ರ ಅಮೈನೋ ಆಮ್ಲಗಳ ಸರಪಳಿ, ಎನ್ ತುದಿಯಿಂದ (ಅಮೈನೋ ಗುಂಪಿನ ತುದಿ) ಶುರು ಆಗಿ ಸಿ ತುದಿ (ಕಾರ್ಬಾಕ್ಸಿಲ್ ಗುಂಪಿನ ತುದಿ) ಕಡೆ ಬೆಳೀತೈತಿ ಅಂತ ನೋಟ್ಸ್‌ನಾಗ ಐತಿ, ಆದ್ರ ಅದ ಪುಟದಾಗ, ಡಿಂಟ್ಜಿಸ್ ಪ್ರಯೋಗದಾಗ ಗುರುತಿಗೆ ಹಾಕಿದ ರೇಡಿಯೋಆಕ್ಟಿವಿಟಿ ಮೊದಲು ಸಿ ತುದಿಗೆ ಕಂಡಿತು ಅಂತ ಬರದಾರ. ಶುರು ಆಗೋ ತುದಿಗೇ ಮೊದಲು ಕಾಣಬೇಕಲ್ರಿ? ಪ್ರಿಂಟ್ ತಪ್ಪಾಗೇತೇನು?

ಉತ್ತರ: ಪ್ರಿಂಟ್ ಬರೋಬ್ಬರಿ ಐತಿ ತಂಗಿ. ನಾನೂ ಓದೋವಾಗ ಇಲ್ಲೇ ಎಡವಿದ್ದೆ.

ಬನಹಟ್ಟಿಯೊಳಗ ಒಂದು ಮಗ್ಗದ ಶೆಡ್ಡು ಅನ್ಕೋ. ಹತ್ತು ಮಗ್ಗ ಓಡಾಕತ್ತಾವ, ಒಂದರಾಗ ಸೀರಿ ಈಗಷ್ಟ ಶುರು, ಒಂದರಾಗ ಅರ್ಧ ಆಗೇತಿ, ಇನ್ನೊಂದರಾಗ ಗೇಣು ಉಳದೈತಿ, ಅಷ್ಟರಾಗ ಮಾಲಕ ಬಂದು ಎಲ್ಲಾ ಲಾಳಿಗೂ ಕೆಂಪು ನೂಲು ಹಾಕ್ರಿ ಅಂದ. ಸ್ವಲ್ಪ ಹೊತ್ತು ಬಿಟ್ಟು, ಪೂರಾ ಆಗಿ ಮಗ್ಗದಿಂದ ಇಳದ ಸೀರಿ ಅಷ್ಟ ನೋಡಿದ್ರ ಕೆಂಪು ಎಲ್ಲಿರ್ತೈತಿ? ಕೊನೀ ತುದಿಗೆ. ಶುರುವಿನ ತುದಿಗೆ ಕೆಂಪು ಬಿದ್ದ ಸೀರಿನೂ ಅದಾವ, ಆದ್ರ ಅವು ಇನ್ನ ಮಗ್ಗದ ಮ್ಯಾಲೇ ಅದಾವ, ಲೆಕ್ಕಕ್ಕ ಬಂದಿಲ್ಲ.

1961ರಾಗ ಹೊವಾರ್ಡ್ ಡಿಂಟ್ಜಿಸ್ ಮಾಡಿದ್ದೂ ಇದನ್ನ. ಮಗ್ಗ ಅಂದ್ರ ರೈಬೋಸೋಮ್, ಜೀವಕೋಶದಾಗ ಪ್ರೋಟೀನ್ ನೇಯೋ ಯಂತ್ರ; ಸೀರಿ ಅಂದ್ರ ಪ್ರೋಟೀನ್ ಸರಪಳಿ; ಕೆಂಪು ನೂಲು ಅಂದ್ರ ರೇಡಿಯೋಆಕ್ಟಿವ್ ಗುರುತು. ಮೊಲದ ಬಲಿಯದ ಕೆಂಪು ರಕ್ತಕಣ, ಅಂದ್ರ ರೆಟಿಕ್ಯುಲೊಸೈಟ್ ತಗೊಂಡ, ಯಾಕಂದ್ರ ಅವು ಹೆಚ್ಚೂಕಡಿಮಿ ಬರೇ ಹಿಮೋಗ್ಲೋಬಿನ್ ಮಾಡ್ತಾವ. ಅದಕ್ಕ ಟ್ರಿಟಿಯಮ್ (ರೇಡಿಯೋಆಕ್ಟಿವ್ ಹೈಡ್ರೋಜನ್) ಗುರುತಿನ ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಹಾಕಿದ. ಮೈಯ ಬಿಸಿಗೆ 140 ಚಿಲ್ಲರೆ ಅಮೈನೋ ಆಮ್ಲದ ಒಂದು ಸರಪಳಿ ಒಂದೆರಡು ನಿಮಿಷದಾಗ ಮುಗದು ಹೋಗ್ತೈತಿ, ಹಿಡಿಯೋದ ಕಷ್ಟ, ಅದಕ್ಕ 15 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿ ಕೆಲಸ ನಿಧಾನ ಮಾಡಿಸಿದ. 4, 7, 16, 60 ನಿಮಿಷಕ್ಕ ತಗದು, ರೈಬೋಸೋಮ್ ಬಿಟ್ಟು ಬಂದ ಪೂರಾ ಸರಪಳಿ ಬ್ಯಾರೆ ಮಾಡಿ, ಟ್ರಿಪ್ಸಿನ್ ಅನ್ನೋ ಪ್ರೋಟೀನ್ ಕತ್ತರಿಸೋ ಕಿಣ್ವದಿಂದ ತುಂಡು ಮಾಡಿ, ಒಂದೊಂದು ತುಂಡಿನ ರೇಡಿಯೋಆಕ್ಟಿವಿಟಿ ಅಳದ. 4 ನಿಮಿಷಕ್ಕ ಸಿ ತುದಿ ಕಡೆ ತುಂಡುಗಳೊಳಗ ಅಷ್ಟ ಜೋರು, ಹೊತ್ತು ಹೋದಂಗ ಗುರುತು ಹಿಂದಕ್ಕ ಎನ್ ಕಡೆ ಹಬ್ಬಿತು, 60ಕ್ಕ ಹೆಚ್ಚೂಕಡಿಮಿ ಎಲ್ಲಾ ಕಡೆ ಸಮ.

ನನಗ ಭಾಳ ಸೇರೋದು ಇನ್ನೊಂದು ಯುಕ್ತಿ, ನೋಟ್ಸ್‌ನಾಗ ಅದನ್ನ ಬಿಟ್ಟ ಬಿಡ್ತಾರ. ಒಂದು ತುಂಡಿನಾಗ ಲ್ಯೂಸಿನ್ ಜಾಸ್ತಿ, ಒಂದರಾಗ ಕಡಿಮಿ, ಅದರ ಮ್ಯಾಲ ತೊಳಿಯೋದರಾಗ ಒಂದಿಷ್ಟು ಹೋಗ್ತೈತಿ, ಹಿಂಗಿದ್ದಾಗ ಬರೇ ಟ್ರಿಟಿಯಮ್ ಎಣಿಸಿದ್ರ ಮೋಸ. ಅದಕ್ಕ ಕಾರ್ಬನ್-14 (ಇನ್ನೊಂದು ರೇಡಿಯೋಆಕ್ಟಿವ್ ಗುರುತು) ಲ್ಯೂಸಿನ್ ಜೋಡಿ ಭಾಳ ಹೊತ್ತು ಬಿಟ್ಟು ಮಾಡಿದ, ಎಲ್ಲಾ ಕಡೆ ಸಮ ಗುರುತಿದ್ದ ಹಿಮೋಗ್ಲೋಬಿನ್ ಕೂಡಿಸಿ ತುಂಡು ಮಾಡಿ, ಎರಡರ ಅನುಪಾತ ತಗದ. ತುಂಡು ಅರ್ಧ ಚೆಲ್ಲಿ ಹೋದ್ರೂ ಅನುಪಾತ ಬದಲಾಗಂಗಿಲ್ಲ.

ಪರೀಕ್ಷಾದಾಗ ತಿರುವಿ ಕೇಳಬಹುದು: ಸ್ವಲ್ಪ ಹೊತ್ತು ಗುರುತಿನ ಲ್ಯೂಸಿನ್ ಕೊಟ್ಟು, ಆಮ್ಯಾಲೆ ಸಾದಾ ಲ್ಯೂಸಿನ್ ಹಾಕಿ, ಶುರು ಆದವು ಎಲ್ಲಾ ಮುಗಿಯೋತನ ಬಿಟ್ರ? ಆಗ ಕೆಂಪು ಪಟ್ಟಿ ಒಂದೊಂದು ಸೀರಿಯೊಳಗ ಒಂದೊಂದು ಕಡೆ ಬಿದ್ದಿರ್ತೈತಿ, ಎಲ್ಲಾ ಕೂಡಿಸಿ ಅಳದ್ರ ಸಮ ಬರ್ತೈತಿ, ನೇಯ್ಗಿ ಯಾವ ಕಡೆಯಿಂದ ನಡೀತು ಅಂತ ತಿಳಿಯಂಗಿಲ್ಲ.