ಕಿಟ್ ಬೇಡ, ಬೆಂಕಿಕಡ್ಡಿ ಸಾಕು

ಜೂನ್ ಬಂತೆಂದರೆ ಇದೇ ಪ್ರಶ್ನೆ. ಇದು ಕೊನೆಯ ಸಲ ಅಂದುಕೊಂಡು ಬರೆಯುತ್ತಿದ್ದೇನೆ. ಹೋದ ವರ್ಷವೂ ಹಾಗೇ ಅಂದುಕೊಂಡಿದ್ದೆ.

ಮಗಳು ಮೂರನೇ ಕ್ಲಾಸು. ಶಾಲೆಯಲ್ಲಿ ಮಕ್ಕಳೇ ಕೈಯಾರೆ ವಸ್ತು ಮಾಡುವ ‘ಮೇಕರ್ ಲ್ಯಾಬ್’ ಶುರುವಾಗಿದೆ, 8,000 ರೂಪಾಯಿಯ ರೊಬೊಟಿಕ್ಸ್ ಕಿಟ್ ಕೊಳ್ಳಬೇಕಂತೆ. ಕೊಳ್ಳದಿದ್ದರೆ ಹಿಂದೆ ಬೀಳುತ್ತಾಳಾ?

ಇಲ್ಲ. ಶಾಲೆಗಳಲ್ಲಿರುವ ಇಂಥದ್ದೇ ಲ್ಯಾಬ್, ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಕೂಡ ಇರುವುದು 6ರಿಂದ 12ನೇ ತರಗತಿಯವರಿಗೆ. ಎಂಟು ವರ್ಷದ ಮಗುವಿಗೆ ‘ನಾಲ್ಕನೇ ತೂತಿಗೆ ಸ್ಕ್ರೂ ಹಾಕು’ ಎಂದು ಹೇಳುವ ಕಿಟ್ ಕಲಿಸುವುದು ವಿನ್ಯಾಸವನ್ನಲ್ಲ, ಹೇಳಿದಂತೆ ಕೇಳುವುದನ್ನು. ಅದಕ್ಕೆ ಕಾಪಿ ಬರೆಸಿದರೂ ಆಯ್ತು, ಖರ್ಚು ಕಡಿಮೆ.

ಸೈಕಲ್ ಅಂಗಡಿಯಿಂದ ಒಂದು ಮೀಟರ್ ವಾಲ್ವ್ ಟ್ಯೂಬ್ (ಸಪೂರ ರಬ್ಬರ್ ನಳಿಗೆ) ತನ್ನಿ. ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ. ಬೆಂಕಿಕಡ್ಡಿಯ ಮದ್ದು ನೀವೇ ಕೆರೆದು ತೆಗೆಯಿರಿ. ತುಂಡಿನ ಎರಡೂ ತುದಿಗೆ ಕಡ್ಡಿ ತೂರಿಸಿದರೆ ಬಾಗುವ ಕೀಲು ಸಿದ್ಧ. ನಾಲ್ಕು ಕಡ್ಡಿಯ ಚೌಕ ಮಾಡಲಿ: ಬೆರಳಲ್ಲಿ ಒತ್ತಿದರೆ ಓರೆಯಾಗಿ ಮಲಗುತ್ತದೆ. ಮೂರು ಕಡ್ಡಿಯ ತ್ರಿಕೋನ ಜಗ್ಗುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಅಡ್ಡ ಕೊಡಲು ಹೋದರೆ ಅದೇ ಅಳತೆಯ ಕಡ್ಡಿ ಸಾಲದು. ಆಗ ಅವಳು ಪೊರಕೆಕಡ್ಡಿ ಹುಡುಕಬಹುದು, ಅಥವಾ ಚೌಕವನ್ನೇ ಓರೆ ಮಾಡಿ ಐದನೇ ಕಡ್ಡಿ ಕೂರಿಸಬಹುದು. ಆ ಹುಡುಕಾಟವೇ ವಿನ್ಯಾಸ. ಅಲ್ಲಿಯವರೆಗೆ ನೀವು ಬಾಯಿ ಮುಚ್ಚಿಕೊಂಡಿರಬೇಕು. ನಾನು ಕಂಡ ಅಪ್ಪಂದಿರಲ್ಲಿ ಹೆಚ್ಚಿನವರು ಐದನೇ ನಿಮಿಷಕ್ಕೇ ‘ಕೊಡಿಲ್ಲಿ, ನಾನು ಮಾಡ್ತೀನಿ’ ಅನ್ನುತ್ತಾರೆ.

ಇದು ನನ್ನ ಜಾಣತನವಲ್ಲ. ಐಐಟಿ ಕಾನ್ಪುರದ ಎಂಜಿನಿಯರ್ ಅರವಿಂದ ಗುಪ್ತ 1978ರಲ್ಲಿ ಕಾರ್ಖಾನೆಯಿಂದ ರಜೆ ಪಡೆದು ಮಧ್ಯಪ್ರದೇಶದ ಹೊಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದಾಗ ಹುಟ್ಟಿದ್ದು. ಮೂರನೇ ಕಡ್ಡಿ ತೂರಿಸಲೆಂದು ಕೀಲಿನ ನಡುವೆ ತೂತು ಮಾಡಲು ಅಲ್ಲಿ ಬಳಸಿದ್ದು ಜಾಲಿ ಮುಳ್ಳು.

ಕಣ್ಣಿಗೆ ಪಟ್ಟಿ ಕಟ್ಟಿ ಮಕ್ಕಳಿಂದ ಓದಿಸುತ್ತೇವೆ ಎನ್ನುವ ಮಿಡ್‌ಬ್ರೈನ್ ಆಕ್ಟಿವೇಷನ್ ಕ್ಲಾಸಿನಿಂದ ಸೃಜನಶೀಲತೆ ಬರುತ್ತದಾ?

ಕಣ್ಣುಪಟ್ಟಿಯ ಕೆಳಗೆ, ಮೂಗಿನ ಸಂದಿಯಿಂದ ಇಣುಕುವುದು ಬರುತ್ತದೆ. ದುಡ್ಡು ವಾಪಸ್ ಕೇಳಿ.

ವಿಜ್ಞಾನ ಪ್ರದರ್ಶನಕ್ಕೆ ಥರ್ಮಾಕೋಲ್ ಜ್ವಾಲಾಮುಖಿ ಎಲ್ಲಿ ಸಿಗುತ್ತದೆ?

ಸ್ಟೇಷನರಿ ಅಂಗಡಿಯಲ್ಲಿ. ಬಹುಮಾನವನ್ನೂ ಅವರಿಗೇ ಕೊಡಿಸಿ.

ಬಟನ್ ಸೆಲ್‌ನಿಂದ ಎಲ್‌ಇಡಿ ಉರಿಸೋದು ಹೇಳಿಕೊಡಿ.

ಹೇಳುವುದಿಲ್ಲ. ಗುಂಡಿಯಂಥ ಆ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಪೆನ್ಸಿಲ್ ಸೆಲ್, ಟಾರ್ಚ್ ಬಲ್ಬ್ ಸಾಕು. ಯಾರಾದರೂ ನುಂಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಓಡಿ.

ನಾನು ಶಿಕ್ಷಕಿ. ನಲವತ್ತು ಮಕ್ಕಳಿಗೆ ಕತ್ತರಿ ಕೊಡುವುದು ಹೇಗೆ?

ಮೊಂಡು ತುದಿಯದ್ದು, ನಾಲ್ವರಿಗೆ ಒಂದು. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ ಮೇಡಂ. ಕಟರ್ ಬ್ಲೇಡ್ ಮಾತ್ರ ನಿಮ್ಮ ಡ್ರಾಯರಿನಲ್ಲೇ ಇರಲಿ. ನನ್ನ ಎಡಗೈ ಹೆಬ್ಬೆರಳಿನ ಮೇಲೆ ಇನ್ನೂ ಎರಡು ಹೊಲಿಗೆಯ ಗುರುತಿದೆ.