ದನ ಕಾಯೋಕೆ ಹೋಗು ಅಂತ ಬೈಯಬೇಡಿ, ಅಕ್ಕೋರೇ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಜಮಖಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತಮ್ಮ ಬಿ.ಎ. ಮುಗಿಸಿ ಮನೆಯಲ್ಲಿದ್ದಾನೆ. ಮನೆಯ ಖಿಲಾರಿ ಎತ್ತಿನ ಜೋಡಿ, ಪಕ್ಕದವರ ಓಟದ ಕುದುರೆ, ಮೂರು ಮುಧೋಳ ನಾಯಿ, ಇಷ್ಟೇ ಅವನ ಲೋಕ. ಬೆಳಗಾವಿಯಲ್ಲಿ ಒಂದು ಫ್ಯಾಕ್ಟರಿ ಕೆಲಸ ಸಿಕ್ಕಿತ್ತು, ಅದನ್ನೂ ಬಿಟ್ಟು ಬಂದ. ಜೀವನಪೂರ್ತಿ ಇದನ್ನೇ ಮಾಡ್ತೀನಿ ಅನ್ನುತ್ತಾನೆ. ದನ ಕಾಯೋದು ಒಂದು ಉದ್ಯೋಗವೇ? ಇವನಿಗೆ ಹೆಣ್ಣು ಯಾರು ಕೊಡುತ್ತಾರೆ? ನಿಮ್ಮ ಪತ್ರಿಕೆಯನ್ನು ತಪ್ಪದೆ ಓದುತ್ತಾನೆ. ನೀವಾದರೂ ಬುದ್ಧಿ ಹೇಳಿ. (ಹೆಸರು ಬೇಡ ಎಂದು ಕೋರಿದ್ದಾರೆ.)

ಸಂಪಾದಕರ ಉತ್ತರ:

ಅಕ್ಕೋರೇ, ಮೊದಲು ನಿಮ್ಮ ಕಡೆಯ ಮಾತು. ತಿಂಗಳ ಸಂಬಳಕ್ಕೆ ಅದರದೇ ಬೆಲೆ ಇದೆ. ಮನೆಯಲ್ಲಿ ಒಬ್ಬರಿಗಾದರೂ ಒಂದನೇ ತಾರೀಕು ದುಡ್ಡು ಬಂದರೆ ಮಳೆ ಕೈಕೊಟ್ಟ ವರ್ಷವೂ ಒಲೆ ಉರಿಯುತ್ತದೆ. ನಿಮ್ಮ ಮನೆಯಲ್ಲಿ ಆ ಭಾರ ನೀವು ಹೊತ್ತಿದ್ದೀರಿ, ತಮ್ಮನೂ ಹೆಗಲು ಕೊಡಲಿ ಅನ್ನುವುದರಲ್ಲಿ ತಪ್ಪೇನಿಲ್ಲ. ಇಷ್ಟನ್ನು ಒಪ್ಪಿದೆ. ಮುಂದಿನದು ನಿಮಗೆ ಸ್ವಲ್ಪ ಖಾರ ಅನ್ನಿಸಬಹುದು, ಸಿಟ್ಟಾಗಬೇಡಿ.

ದನ ಕಾಯೋದು ಒಂದು ಉದ್ಯೋಗವೇ ಅಂತ ಕೇಳಿದ್ದೀರಿ. ನೀವು ಶಾಲೆಯಲ್ಲಿ ಕಲಿಸುವವರು. ಮಗ್ಗಿ ಬರದ ಹುಡುಗನಿಗೆ "ದನ ಕಾಯೋಕೆ ಹೋಗು" ಅಂತ ನಮ್ಮ ಶಾಲೆಗಳಲ್ಲಿ ಎಷ್ಟು ತಲೆಮಾರಿನಿಂದ ಬೈಯುತ್ತಾ ಬಂದಿದ್ದೇವೆ ಹೇಳಿ. ನನಗೂ ಬೈದಿದ್ದಾರೆ. ಏನೂ ಬಾರದವನು ಮಾಡುವ ಕೆಲಸ ಅದು ಅಂತ ಮಗುವಿನ ತಲೆಯಲ್ಲಿ ಅವತ್ತೇ ಕೂತುಬಿಡುತ್ತದೆ. ನಿಜವಾಗಿ ಏನೂ ಬಾರದವನ ಕೈಗೆ ದನ ಕೊಟ್ಟು ನೋಡಿ, ಒಂದು ಬೇಸಿಗೆ ದಾಟುವುದರೊಳಗೆ ಕೊಟ್ಟಿಗೆ ಖಾಲಿ ಆಗಿರುತ್ತದೆ.

ನಮ್ಮ ಜೋಳದ ಸೀಮೆಯದೇ ಮಾತು ತಗೊಳ್ಳಿ. ಮಳೆ ಎಳೆದು ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಕೂಳೆಯಿಂದ ಮತ್ತೆ ಚಿಗುರಿದ ಜೋಳದಲ್ಲಿ ಸೈನೈಡ್ ವಿಷ ಇರುತ್ತದೆ. ಹಸಿದ ದನ ನುಗ್ಗಿ ಹೊಟ್ಟೆ ತುಂಬ ಮೇಯ್ದರೆ ಉಸಿರು ಕಟ್ಟುತ್ತದೆ, ಮೈ ನಡುಗುತ್ತದೆ, ಡಾಕ್ಟರ್ ಬೈಕು ಹತ್ತುವುದರೊಳಗೆ ನೆಲಕ್ಕೆ ಬಿದ್ದಿರುತ್ತದೆ. ಅದೇ ಜೋಳ ಬಲಿತು, ಒಣಗಿ, ಕಣಿಕೆ ಆದ ಮೇಲೆ ಇಡೀ ಬೇಸಿಗೆ ಹಾಕಬಹುದು. ಯಾವ ವಾರ ಯಾವ ಹೊಲದ ಕಡೆ ದನ ಹೊಡೆಯಬಾರದು ಅನ್ನುವುದು ಒಳ್ಳೆಯ ದನಗಾಹಿಗೆ ಗೊತ್ತಿರುತ್ತದೆ. ಅವನಿಗೆ ಸೈನೈಡ್ ಅನ್ನುವ ಹೆಸರು ಗೊತ್ತಿಲ್ಲದೆ ಇರಬಹುದು, ಆದರೆ ದನ ಬದುಕುವುದು ಅವನಿಂದ. ಹೋರಿಯ ಹಾಲಹಲ್ಲು ಬಿದ್ದು ಎರಡು ಹಲ್ಲು ಯಾವಾಗ ಬರುತ್ತದೆ, ಎಲ್ಲ ಹಲ್ಲೂ ಬಂದು ಬಾಯಿಗೂಡಿದ ಎತ್ತಿನಿಂದ ಇನ್ನೆಷ್ಟು ವರ್ಷ ದುಡಿಸಬಹುದು, ಹಸು ಈಯುವಾಗ ಕರು ಅಡ್ಡ ಬಿದ್ದರೆ ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ನೆ ಡಾಕ್ಟರಿಗೆ ಕಾಯಬೇಕು. ಇದೆಲ್ಲ ಮೂರು ತಿಂಗಳ ತರಬೇತಿಯಲ್ಲಿ ಬರುವ ವಿದ್ಯೆ ಅಲ್ಲ.

ನಿಮ್ಮ ತಮ್ಮನಿಗೆ ದನ, ಕುದುರೆ, ನಾಯಿ ಮೂರೂ ಬೇಕು ಅಂದಿರಲ್ಲ, ಹೀಗೆ ಮಂದೆ, ಕುದುರೆ, ನಾಯಿ ಮೂರನ್ನೂ ಒಂದೇ ಸಂಸಾರದಲ್ಲಿ ಇಟ್ಟುಕೊಂಡು ಬಾಳುವವರು ನಮ್ಮಲ್ಲೇ ಇದ್ದಾರೆ. ನಮ್ಮ ಅಲೆಮಾರಿ ಕುರಿಗಾರರು. ರಸ್ತೆಯಲ್ಲಿ ಮಂದೆ ಅಡ್ಡ ಬಂದರೆ ನಾವು ಹಾರ್ನ್ ಹೊಡೆದು ಮುಂದೆ ಹೋಗುತ್ತೇವೆ. ಒಮ್ಮೆ ಗಾಡಿ ನಿಲ್ಲಿಸಿ ನೋಡಿ. ಕುದುರೆಯ ಬೆನ್ನ ಮೇಲೆ ಇಡೀ ಮನೆ ಇರುತ್ತದೆ: ಕಂಬಳಿ, ಪಾತ್ರೆ, ಜೋಳದ ಹಿಟ್ಟು, ಕೋಳಿ, ಅವತ್ತೇ ಹುಟ್ಟಿದ ಮರಿ. ಸುತ್ತ ನಾಯಿಗಳು. ರಾತ್ರಿ ಯಾರದೋ ಹೊಲದಲ್ಲಿ ಮಂದೆ ತರುಬಿಸುತ್ತಾರೆ, ಆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು ಅಥವಾ ದುಡ್ಡು. ರಾಯಬಾಗದ ಕಡೆ ಒಬ್ಬ ಹಿರಿಯ ಕುರಿಗಾರರ ಜೊತೆ ನಾನು ಒಂದು ಸಂಜೆ ಕೂತಿದ್ದೆ. ಮೇಯ್ದು ಬಂದ ತಾಯಂದಿರಿಗೆ ಮರಿ ಬಿಡುವ ಹೊತ್ತು. ನನ್ನ ಕಣ್ಣಿಗೆ ಎಲ್ಲ ಮರಿಯೂ ಒಂದೇ. ಅವರು ಒಂದೊಂದನ್ನೂ ಎತ್ತಿ ಅದರದೇ ತಾಯಿಯ ಹತ್ತಿರ ಬಿಡುತ್ತಿದ್ದರು, ಒಂದನ್ನು ಮಾತ್ರ ಪಕ್ಕಕ್ಕೆ ಇಟ್ಟರು. "ಇದರ ತಾಯಿಗೆ ಒಂದ ಮೊಲ್ಯಾಗ ಹಾಲಿಲ್ರೀ, ಇದನ್ನ ಆ ಆಡಿಗೆ ಹಚ್ಚಬೇಕು" ಅಂದರು. ನೂರಾರು ತಲೆಯ ಮಂದೆಯಲ್ಲಿ ಯಾವ ಕುರಿಯ ಯಾವ ಮೊಲೆಯಲ್ಲಿ ಹಾಲು ಕಮ್ಮಿ ಅಂತ ನೆನಪಿಡುವ ಮನುಷ್ಯನನ್ನು ನಾವು ಅನಕ್ಷರಸ್ಥ ಅಂತ ಬರೆದುಕೊಂಡು ಹೋಗುತ್ತೇವೆ, ಅಲ್ವಾ?

ಆ ಕುದುರೆಗಳ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಉಳಿದದ್ದು ಸುಮಾರು 3.4 ಲಕ್ಷ ಕುದುರೆ, ತಟ್ಟು. 2012ರ ಗಣತಿಗೆ ಹೋಲಿಸಿದರೆ ಶೇಕಡ 45ಕ್ಕೂ ಜಾಸ್ತಿ ಇಳಿದಿದೆ. ಭೀಮೆಯ ದಂಡೆಯ ಭೀಮಥಡಿ ಕುದುರೆಗೆ ಇತ್ತೀಚೆಗಷ್ಟೇ ದೇಶದ ತಳಿಪಟ್ಟಿಯಲ್ಲಿ ಜಾಗ ಸಿಕ್ಕಿತು. ಅದೇ ಭೀಮೆ ನಮ್ಮ ಇಂಡಿ, ಚಡಚಣದ ಅಂಚಿನಲ್ಲೂ ಹರಿಯುತ್ತಾಳೆ. ಆ ಗಿಡ್ಡ, ಗಟ್ಟಿ ಕುದುರೆಯನ್ನು ಇಲ್ಲಿಯವರೆಗೆ ಉಳಿಸಿದವರು ಮಹಾರಾಷ್ಟ್ರದ ಧನಗರ ಕುರಿಗಾರರು. ಅವರಿಗೆ ಅದು ದಿನದ ಸಾಮಾನು ಹೊರುವ ಜೀವ, ಅದಕ್ಕೇ ಉಳಿಯಿತು.

ಕುದುರೆ ಹೋದರೆ ಅದರ ಹಿಂದೆ ಇನ್ನಷ್ಟು ಕಸುಬು ಹೋಗುತ್ತವೆ. ವಿಜಯಪುರದಲ್ಲಿ ಟಾಂಗಾ ಕುದುರೆಗೂ ಹಳ್ಳಿಯ ಎತ್ತಿಗೂ ನಾಲು, ಅಂದರೆ ಲಾಳ, ಬಡಿಯುವ ಒಬ್ಬ ನಾಲಬಂದರ ಪರಿಚಯ ನನಗಿತ್ತು. ಎತ್ತಿನ ಗೊರಸು ಸೀಳು, ಹಾಗಾಗಿ ಒಂದು ಕಾಲಿಗೆ ಎರಡು ನಾಲು, ಒಂದು ಎತ್ತಿಗೆ ಎಂಟು. ಕುದುರೆಯದು ಒಂಟಿ ಗೊರಸು, ಅದು ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ಒಂದೂವರೆ ಎರಡು ತಿಂಗಳಿಗೊಮ್ಮೆ ನಾಲು ಬಿಚ್ಚಿ, ಕೆತ್ತಿ, ಮತ್ತೆ ಬಡಿಯಬೇಕು. ಮೊಳೆ ಒಂದು ಎಳ್ಳಿನಷ್ಟು ಒಳಗೆ ಹೋದರೂ ಕುದುರೆ ಕುಂಟುತ್ತದೆ. ಅವರು ಮೊಳೆ ಬಡಿಯುವಾಗ ಸದ್ದು ಕೇಳುತ್ತಿದ್ದರು, ಸದ್ದು ಬದಲಾದರೆ ತಕ್ಷಣ ಕಿತ್ತು ಬೇರೆ ಕಡೆ ಹಾಕುತ್ತಿದ್ದರು. ಅವರ ಮಗ ಈಗ ಆಟೊ ಓಡಿಸುತ್ತಾನೆ. ತಪ್ಪು ಅವನದಲ್ಲ. ಸಣ್ಣ ಸಾಲಕ್ಕೆ ಒಂದು ಬ್ಯಾಂಕಿಗೆ ಅರ್ಜಿ ಕೊಟ್ಟಾಗ ಉದ್ಯೋಗದ ಕಾಲಂನಲ್ಲಿ ಏನು ಬರೆಯಬೇಕು ಅಂತ ಅಲ್ಲಿದ್ದವರಿಗೇ ತಿಳಿಯಲಿಲ್ಲವಂತೆ. ಕೂಲಿ ಅಂತ ಬರೆದುಕೊಂಡರು, ಸಾಲ ಕೊಡಲಿಲ್ಲ. ಆಟೊಗೆ ಕೊಟ್ಟರು.

ಈಗ ಒಂದು ಪ್ರಶ್ನೆ ನಿಮಗೆ. ನಿಮ್ಮ ತಮ್ಮ ಇದೇ ಕೆಲಸವನ್ನು ಮಿಲಿಟರಿ ಬಟ್ಟೆ ಹಾಕಿಕೊಂಡು ಮಾಡಿದ್ದರೆ ನೀವು ಈ ಪತ್ರ ಬರೆಯುತ್ತಿದ್ದಿರಾ? ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಬೆಳಗಾವಿ ಕಡೆ ಮಿಲಿಟರಿ ಹುಡುಗ ಅಂದರೆ ಬೀಗರು ಹುಡುಕಿಕೊಂಡು ಬರುತ್ತಾರೆ. ನಮ್ಮ ಸೇನೆಯಲ್ಲಿ ಪ್ರಾಣಿಗಳಿಗೇ ಅಂತ ಒಂದು ದಳ ಇದೆ, ರಿಮೌಂಟ್ ಅಂಡ್ ವೆಟರ್ನರಿ ಕೋರ್. ಅದರ ಬೇರು 1779ಕ್ಕೆ ಹೋಗುತ್ತದೆ. ಸಹಾರನಪುರದಲ್ಲಿ, ಹೇಮಪುರದಲ್ಲಿ ಕುದುರೆ, ಹೇಸರಗತ್ತೆ ಸಾಕುತ್ತಾರೆ, ಮೀರತ್‌ನಲ್ಲಿ ನಾಯಿಗಳನ್ನು ಪಳಗಿಸುತ್ತಾರೆ. ನಾಲು ಬಡಿಯುವವನಿಗೆ, ಕುದುರೆ ತಿದ್ದುವವನಿಗೆ, ನಾಯಿ ಪಳಗಿಸುವವನಿಗೆ ಅಲ್ಲಿ ಹುದ್ದೆ ಇದೆ, ಬಡ್ತಿ ಇದೆ. ಅದೇ ಕೆಲಸವನ್ನು ಜಮಖಂಡಿಯ ಹೊಲದಲ್ಲಿ ಮಾಡಿದರೆ "ಮನೆಯಲ್ಲಿದ್ದಾನೆ" ಅಂತ ಬರೆಯುತ್ತೀರಿ. ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವವನು ಮನೆಯಲ್ಲಿ ಇದ್ದಾನೆಯೇ, ಕೆಲಸದಲ್ಲಿ ಇದ್ದಾನೆಯೇ?

ಮುಧೋಳ ನಾಯಿಯ ಕಥೆ ನಿಮಗೆ ನಾನು ಹೇಳಬೇಕಿಲ್ಲ, ನಿಮ್ಮ ಪಕ್ಕದ ತಾಲೂಕಿನದು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟಿದ್ದರು. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿ ಬಂತು. 2016ರಲ್ಲಿ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಮೀರತ್‌ಗೆ ಹೋದವು. 2020ರಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೆಸರು ಹೇಳಿದರು. ಒಳ್ಳೆಯದೇ, ಹೆಮ್ಮೆಯೇ. ಆದರೆ ರಾಜರಿಗಿಂತ ಮೊದಲೂ ಆಮೇಲೂ ಆ ನಾಯಿಗೆ ರೊಟ್ಟಿ ಹಾಕಿ ಸಾಕಿದವರು, ಯಾವ ಹೆಣ್ಣಿಗೆ ಯಾವ ಗಂಡು ಕೂಡಿಸಬೇಕು ಅಂತ ನೋಡಿ ನೋಡಿ ತಳಿ ಕಾಪಾಡಿದವರು ಬೇಡರು, ಕುರುಬರು, ಸಣ್ಣ ರೈತರು. ಅವರ ಹೆಸರು ಯಾವ ಚೀಟಿಯ ಮೇಲೂ ಇಲ್ಲ. ಅತ್ತ ಪಟ್ಟಣದವರು ಬಂದು ಮರಿ ಒಯ್ದು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಟ್ಟುತ್ತಾರೆ. ದೂರದ ಬೇಟೆಯನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟುವ ನಾಯಿ ಅದು, ಬಯಲು ಬೇಕು ಅದಕ್ಕೆ. ಪಕ್ಕೆಲುಬು ಕಾಣುತ್ತಿದೆ, ಸೊರಗಿದೆ ಅಂತ ತಿನ್ನಿಸಿ ತಿನ್ನಿಸಿ ಕೊಬ್ಬಿಸುತ್ತಾರೆ, ಆಮೇಲೆ ಹಟಮಾರಿ ನಾಯಿ ಅಂತ ದೂರುತ್ತಾರೆ. ನಿಮ್ಮ ತಮ್ಮನನ್ನು ಕೇಳಿ, ಅವನು ಇನ್ನೂ ಚೆನ್ನಾಗಿ ಹೇಳುತ್ತಾನೆ.

ವಿಜ್ಞಾನದ ಮೇಲೆ ನನಗೆ ಎಷ್ಟು ಗೌರವ ಇದೆ ಅಂತ ಈ ಪತ್ರಿಕೆ ಓದುವವರಿಗೆ ಗೊತ್ತು. ಆದರೂ ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ಉದಾಹರಣೆ ಹೇಳಲೇಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಊರಿಗೆ ಊರೇ ದನ ಖಾಲಿ ಮಾಡುತ್ತಿದ್ದ ಬೇನೆ ಅದು. 2011ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆ ಆಯಿತು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ಎರಡನೇ ರೋಗ. ಲಸಿಕೆ ಮಾಡಿದವರು ವಿಜ್ಞಾನಿಗಳು. ಆದರೆ ಆಫ್ರಿಕಾದ ಬಯಲಿನಲ್ಲಿ ರೋಗ ಕೊನೆಗೆ ಎಲ್ಲೆಲ್ಲಿ ಅಡಗಿದೆ ಅಂತ ತೋರಿಸಿಕೊಟ್ಟವರು ದನಗಾಹಿಗಳು. ಅವರಲ್ಲೇ ಕೆಲವರಿಗೆ ಕಲಿಸಿ, ಅವರ ಕೈಯಲ್ಲೇ ಲಸಿಕೆ ಹಾಕಿಸಿದರು. ಜೀಪು ಹೋಗದ ಕಡೆ ಅವರು ನಡೆದು ಹೋದರು.

ನಾವು ಅಂಥವರನ್ನು ಕಳೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಕೃಷ್ಣಾ ಕಣಿವೆ ದನ ಅಂತ ನಮ್ಮದೇ ತಳಿ ಇದೆ. ಯರಿಭೂಮಿಯ ಅಂಟು ಮಣ್ಣಿನಲ್ಲಿ ನೇಗಿಲು ಎಳೆಯಲಿ ಅಂತ, ಹತ್ತೊಂಬತ್ತನೇ ಶತಮಾನದಲ್ಲಿ ಗಿರ್, ಓಂಗೋಲ್, ಗುಜರಾತಿನ ಕಾಂಕ್ರೇಜ್, ಮೈಸೂರು ಕಡೆಯ ದನ ಎಲ್ಲ ಬೆರೆಸಿ ಇಲ್ಲಿಯ ಸಂಸ್ಥಾನಿಕರೂ ರೈತರೂ ಮಾಡಿಕೊಂಡ ತಳಿ. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು. ಈಗ ನಿಮ್ಮ ಶಾಲೆಯ ಮಕ್ಕಳನ್ನು ಕೇಳಿ ನೋಡಿ, ಹೊರದೇಶದ ಜರ್ಸಿ ಗೊತ್ತು, ಎಚ್.ಎಫ್. ಗೊತ್ತು, ಕೃಷ್ಣಾ ಕಣಿವೆ ಅಂದರೆ ಭೂಗೋಳದ ಪಾಠ ಅಂದುಕೊಳ್ಳುತ್ತಾರೆ.

ಊರಿನ ಗಾಯರಾಣ, ಅಂದರೆ ಗೋಮಾಳ, ಎಲ್ಲಿ ಹೋಯಿತು? ಅರ್ಧ ಒತ್ತುವರಿ, ಉಳಿದದ್ದರಲ್ಲಿ ಕಟ್ಟಡ. ದನ ಮೇಯಲು ಜಾಗ ಇಲ್ಲದಂತೆ ಮಾಡಿ, ಆಮೇಲೆ ಹುಡುಗರು ಹೈನುಗಾರಿಕೆಗೆ ಬರುತ್ತಿಲ್ಲ ಅಂತ ಭಾಷಣ ಮಾಡುತ್ತೇವೆ. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು, ಕರಿ ಹರಿದು, ಯಾವ ಬಣ್ಣದ ಎತ್ತು ಮುಂದೆ ಬಂತು ಅಂತ ಮುಂಗಾರಿ ಹಿಂಗಾರಿಯ ಭವಿಷ್ಯ ಹೇಳುತ್ತೇವೆ, ಆ ಎತ್ತು ಮೇಯಿಸಿದ ಹುಡುಗನಿಗೆ ಮಾತ್ರ ಹೆಣ್ಣು ಕೊಡೋದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವು ಕೊಟ್ಟ ಸಾಲು ಅದೇ. ಅದಕ್ಕೆ ಉತ್ತರ ನಿಮ್ಮ ತಮ್ಮನ ಹತ್ತಿರ ಇಲ್ಲ, ನಿಮ್ಮಂಥ ಓದಿದ ಅಕ್ಕಂದಿರ ಹತ್ತಿರ ಇದೆ. ನೀವೇ "ನನ್ನ ತಮ್ಮ ಪಶುಪಾಲಕ" ಅಂತ ತಲೆ ಎತ್ತಿ ಹೇಳದಿದ್ದರೆ ಬೀಗರು ಯಾಕೆ ಹೇಳಬೇಕು?

ಇನ್ನು ನಿಮ್ಮ ತಮ್ಮನಿಗೆ ಎರಡು ಮಾತು. ತಮ್ಮಾ, ಪ್ರೀತಿ ಇದೆ ಅಂತ ಲೆಕ್ಕ ಬಿಡಬೇಡ. ಒಂದು ನೋಟ್‌ಬುಕ್ ಇಡು, ಮೇವಿಗೆ ಎಷ್ಟು, ಔಷಧಕ್ಕೆ ಎಷ್ಟು, ಮರಿ ಮಾರಿ ಎಷ್ಟು ಬಂತು, ಎಲ್ಲ ಬರೆ. ಎತ್ತುಗಳಿಗೆ ವಿಮೆ ಮಾಡಿಸು. ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ವರ್ಷ ತಪ್ಪಬಾರದು, ನಿನ್ನ ಜೀವದ ಪ್ರಶ್ನೆಯೂ ಅದೇ. ತಿಮ್ಮಾಪುರ ನಿಮ್ಮೂರಿನಿಂದ ದೂರ ಇಲ್ಲ, ಹೋಗಿ ಅವರು ಮರಿಗಳ ವಂಶಾವಳಿ ಹೇಗೆ ಬರೆದಿಡುತ್ತಾರೆ ಅಂತ ಕಲಿ, ಕಾಗದ ಇರುವ ಮರಿಗೆ ಬೆಲೆ ಬೇರೆ. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವ ತರಬೇತಿ ಹಳ್ಳಿಯ ಹುಡುಗರಿಗೆ ಕೊಡುತ್ತಾರೆ, ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸು. ಓಟದ ಕುದುರೆಯನ್ನು ಹೊಡೆದು ಓಡಿಸುವವರ ಸಹವಾಸ ಬೇಡ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆನೋವು ಬಂದರೆ ಸಾಯುವ ತನಕ ಹೋಗಬಹುದು, ಆದ್ದರಿಂದ ಮೇವು ಏಕಾಏಕಿ ಬದಲಾಯಿಸಬೇಡ, ಉರುಳಾಡಿ ಹೊಟ್ಟೆ ನೋಡಿಕೊಳ್ಳಲು ಶುರು ಮಾಡಿದರೆ ಮನೆಮದ್ದು ಹುಡುಕದೆ ಡಾಕ್ಟರಿಗೆ ಫೋನ್ ಮಾಡು.

ಮತ್ತೆ ಅಕ್ಕೋರೇ, ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ ಇದೆ. ತಮ್ಮನ ಜೊತೆ ನೀವೂ ಹೋಗಿ. ದೇವರ ದರ್ಶನ ಆದ ಮೇಲೆ ದನದ ಪೇಟೆಯಲ್ಲಿ ಒಂದು ಪೂರ್ತಿ ದಿನ ಅವನ ಹಿಂದೆ ಸುಮ್ನೆ ನಡೆಯಿರಿ. ಎಷ್ಟು ಜನ ಹಿರಿಯರು ಅವನನ್ನು ಕರೆದು ಹೋರಿಯ ಹಲ್ಲು ನೋಡು, ಸುಳಿ ನೋಡು ಅನ್ನುತ್ತಾರೆ ಅಂತ ಗಮನಿಸಿ, ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.